ಹಾಲಿಗಿಂತ ಹಳೆಯದು

ಮಗ್ಗುಲ ಮನೆಯ ಶಬಾನಾ ಬೆಳಿಗ್ಗೆ ಒಂದು ಬಟ್ಟಲು ಗಿಣ್ಣ ಕಳಿಸಿದರು. ತಿಕೋಟಾದಲ್ಲಿ ಅವರ ತವರಿನ ಎಮ್ಮೆ ಈದಿದೆಯಂತೆ. ಅಥಣಿ ರಸ್ತೆಯ ಈ ಲೇಔಟಿನಲ್ಲಿ ಆ ವಾಸನೆ ಅಪರೂಪ. ನೀವಾಗಿದ್ದರೆ ಬಾಯಿ ಚಪ್ಪರಿಸುತ್ತಿದ್ದಿರಿ. ನಾನು ಬಟ್ಟಲನ್ನು ಮುಚ್ಚಿಟ್ಟೆ. ಬಿಜ್ಜರಗಿಯ ದೊಡ್ಡವ್ವ ನೆನಪಾದಳು.

ನನ್ನನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಳು. ಎಂಟು ದಿನದ ಕೂಸನ್ನು ಸಾಕಿದವಳು ಅವಳ ಅಕ್ಕ, ಈ ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ಊರಿನವರು ಅವಳನ್ನು ನಾಮಕರಣಕ್ಕೆ ಕರೆಯುತ್ತಿದ್ದರು, ತೊಟ್ಟಿಲು ಮುಟ್ಟುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕೆಲಸ ಹಚ್ಚುತ್ತಿದ್ದರು.

ನಾನಾಗ ವಿಜಯಪುರದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಅರೆ ತುಂಬಿದ ಕೊಡ, ತುಳುಕದೆ ಇರುತ್ತದೆಯೇ? ಆ ವರ್ಷ ದೊಡ್ಡವ್ವನ ಎಮ್ಮೆಯ ಕರು ಸತ್ತಿತು. ಅದರ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸಿದ್ದರು. ಎಮ್ಮೆ ಅದನ್ನು ನೆಕ್ಕಿ ನೆಕ್ಕಿ ತೊರೆ ಬಿಡುತ್ತಿತ್ತು, ಹಾಲು ಇಳಿಯುತ್ತಿತ್ತು. ನಾನು ಕೈಕಟ್ಟಿ ನಿಂತು ಪಾಠ ಶುರು ಮಾಡಿದೆ. ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬರುತ್ತದೆ. ಹೆರಿಗೆ ನೋವು ತರುವುದು, ಹಾಲು ಇಳಿಸುವುದು, ಕೂಸಿನ ಮೇಲೆ ಮಮತೆ ಹುಟ್ಟಿಸುವುದು ಎಲ್ಲ ಅದೇ ಎಂದೆ. ದೊಡ್ಡವ್ವ ಹಿಂಡುವುದನ್ನು ನಿಲ್ಲಿಸಿದಳು.

“ಹಡೀಲಾರದಾಕಿ ಮೈಯಾಗೂ ಅದು ಇರತೈತೇನೋ ಯಪ್ಪಾ?”

“ಹಡದಾಕಿಗೇ ಬರೂದು ಅದು,” ಅಂದೆ. ಪುಸ್ತಕದಲ್ಲಿದ್ದದ್ದು ಬಾಣಂತಿಯ ಚಿತ್ರ, ಅಷ್ಟೇ ನನ್ನ ಆಧಾರ. ಅವಳು ಮತ್ತೆ ಹಿಂಡತೊಡಗಿದಳು.

ಕೆಲವು ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಯಾರ ಮಾತನ್ನೂ ಕೇಳದೆ ಕೂಸನ್ನು ದೊಡ್ಡವ್ವನ ಕಡೆ ಚಾಚಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ನನ್ನ ಮೈಯಾಗ ಅದಿಲ್ಲಂತ ನೀನ ಹೇಳೀದಿ. ಹಡದಾಕಿ ಕೈಯಾಗ ಕೊಡು.”

ಊರವರು ಬಂಜಿ ಅಂದರೆ ತಿರುಗಿ ಬೈಯುತ್ತಿದ್ದವಳು ನನ್ನ ಮಾತನ್ನು ನಂಬಿಬಿಟ್ಟಿದ್ದಳು, ಓದಿದವನೆಂದು.

ಈಗ ನಾನು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಈ ಹಾರ್ಮೋನಿನದು ದೊಡ್ಡ ಮನೆತನ. ಮೀನಿನಲ್ಲಿ, ಹಕ್ಕಿಯಲ್ಲಿ, ಎರೆಹುಳುವಿನಲ್ಲೂ ಅದರ ದಾಯಾದಿಗಳಿವೆ. ಯಾವುದೋ ಕಾಲದಲ್ಲಿ ಒಂದೇ ಜೀನು ಎರಡಾಗಿ, ಒಂದು ಮೈಯ ನೀರು ಕಾಯುವ ಕೆಲಸ ಹಿಡಿಯಿತು, ಇನ್ನೊಂದು ಈ ಆಕ್ಸಿಟೋಸಿನ್‌ನ ದಾರಿ ಹಿಡಿಯಿತು. ಆಗ ಲೋಕದಲ್ಲಿ ಹಾಲೂ ಇರಲಿಲ್ಲ, ಕೆಚ್ಚಲೂ ಇರಲಿಲ್ಲ. ಇವತ್ತು ಮಧ್ಯಾಹ್ನ ಇದನ್ನು ಹೇಳುವಾಗ ಒಬ್ಬ ಹುಡುಗಿ, ಗಂಡಸರಿಗೂ ಇರುತ್ತದೆಯೇ ಎಂದು ಕೇಳಿದಳು. ಎಲ್ಲರಿಗೂ ಇರುತ್ತದೆ, ಹೆತ್ತಿರಲಿ ಬಿಡಲಿ, ಕೂಸನ್ನು ಎತ್ತಿ ಆಡಿಸುವವರ ಮೈಯಲ್ಲೂ ಏರುತ್ತದೆ ಎಂದೆ. ಅವಳು ಬರೆದುಕೊಂಡಳು.

ಈ ಉತ್ತರ ನನಗೆ ತಿಳಿದು ಹತ್ತು ವರ್ಷವಾಯಿತು. ದೊಡ್ಡವ್ವ ತೀರಿಕೊಂಡು ಎರಡು. ನಡುವಿನ ಎಂಟು ವರ್ಷ ಪ್ರತಿ ಹಬ್ಬಕ್ಕೂ ಬಿಜ್ಜರಗಿಗೆ ಹೋದೆ, ಅವಳು ಬಡಿಸಿದ್ದನ್ನು ಉಂಡು ಬಂದೆ. ತಪ್ಪು ಹೇಳಿದ್ದೆ ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ.