ಡಿವಿಡಿ ಕವರಿನ ಮೇಲೆ ಶ್ರೀಶೈಲನ ಹೆಸರು

ಇಲ್ಲ... ನಂಬಲಿಕ್ಕಾಗುತ್ತಿಲ್ಲ...
ಬೆಳಿಗ್ಗೆ ಮುಧೋಳದಿಂದ ಫೋನ್ ಬಂತು. "ಶ್ರೀಶೈಲ ಹೋದ್ನಪಾ. ಎದಿ ನೋವು ಅಂತ ಕುಂತಾಂವ ಏಳಲೇ ಇಲ್ಲ."
ಯಾವ ಶ್ರೀಶೈಲ ಅಂತ ಕೇಳಿದೆ.
ನನಗೆ ಗೊತ್ತಿದ್ದ ಶ್ರೀಶೈಲ ಒಬ್ಬನೇ... ಆದರೂ ಕೇಳಿದೆ.

ಅರ್ಧ ಗಂಟೆಯಲ್ಲಿ ನಮ್ಮ ವಿಡಿಯೋದವರ ವಾಟ್ಸಾಪ್ ಗ್ರೂಪ್ ತುಂಬಿಹೋಯಿತು.
"ಎಡಿಟಿಂಗ್ ಲೆಜೆಂಡ್"... "ನಮ್ಮ ಸ್ಟುಡಿಯೋದ ಕಣ್ಣು"... ಸಾಲು ಸಾಲು ಕೈ ಮುಗಿದ ಚಿತ್ರ.
ಸ್ಟುಡಿಯೋ ಮಾಲೀಕರು ಹಾಕಿದ ಬ್ಯಾನರಿನಲ್ಲಿ ಅವನ ಮುಖ ಅಡ್ಡಕ್ಕೆ ಎಳೆದು ರೊಟ್ಟಿಯಷ್ಟು ಅಗಲ ಮಾಡಿದ್ದಾರೆ.
ಜೀವನವಿಡೀ ಒಂದು ಮುಖವನ್ನೂ ಹಾಗೆ ಎಳೆಯದವನಿಗೆ ಇದು ಶ್ರದ್ಧಾಂಜಲಿ.
ಥೂ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹತ್ತು-ಹದಿನೈದು ವರ್ಷದ ಹಿಂದೆ, ಬನಹಟ್ಟಿಯ ಮದುವೆ ವಿಡಿಯೋ ಸ್ಟುಡಿಯೋ ಒಂದರಲ್ಲಿ ನಾನು ಕ್ಯಾಮೆರಾ, ಶ್ರೀಶೈಲ ಎಡಿಟಿಂಗ್.
ಆಗಷ್ಟೇ ಎಚ್‌ಡಿ ಕ್ಯಾಮೆರಾ ಬಂದಿತ್ತು. ಅದರ ಚಿತ್ರ ಅಗಲ... ಮನೆಮನೆಯ ಟಿವಿ ಮಾತ್ರ ಹಳೆಯ ಚೌಕದ ಡಬ್ಬಿ.
ಅಗಲದ ಚಿತ್ರ ಹಾಗೇ ಕೊಟ್ಟರೆ ಮೇಲೆ ಕೆಳಗೆ ಕರಿ ಪಟ್ಟಿ. "ಟಿವಿ ಅರ್ಧಾ ಖಾಲಿ ಐತಲ್ರಿ?" ಅಂತ ಗಿರಾಕಿಗಳ ಜಗಳ.
ಅದಕ್ಕೇ ಎರಡೂ ಬದಿ ಕತ್ತರಿಸಿ ಚೌಕ ಮಾಡಿ ಡಿವಿಡಿ ಕೊಡಬೇಕು.
ಊರಿಗೆಲ್ಲ ಒಂದೇ ದಾರಿ... ಸೆಂಟರ್ ಕಟ್. ನಡುವಿನದು ಉಳಿಯುತ್ತದೆ, ಅಂಚಿನದು ಹೋಗುತ್ತದೆ. ಒಂದು ಕ್ಲಿಕ್, ಕೆಲಸ ಮುಗಿಯಿತು.

ಶ್ರೀಶೈಲ ಮಾತ್ರ ಒಪ್ಪುತ್ತಿರಲಿಲ್ಲ.
ಒಂದೊಂದು ಶಾಟ್ ನಿಲ್ಲಿಸಿ ನೋಡುತ್ತಿದ್ದ. ಯಾರು ಎಲ್ಲಿ ನಿಂತಿದ್ದಾರೆ... ಯಾರು ಅಳುತ್ತಿದ್ದಾರೆ...
ಫ್ರೇಮನ್ನು ಎಡಕ್ಕೆ ಸರಿಸುತ್ತಿದ್ದ, ಬಲಕ್ಕೆ ಸರಿಸುತ್ತಿದ್ದ. ಸರಿಸಿದ್ದು ನೋಡುವವರಿಗೆ ತಿಳಿಯುತ್ತಲೂ ಇರಲಿಲ್ಲ.
"ಒಂದ್ ಮದುವಿಗೆ ಎಂಟ್ ದಿನಾ ಕುಂಡ್ರತಾನ, ಮಳ್ಳ" ಅಂತ ನಗುತ್ತಿದ್ದವರೇ ಇವತ್ತು ಲೆಜೆಂಡ್ ಅನ್ನುತ್ತಿರುವುದು.
ಹೇಸಿಗೆ ಅನ್ನಿಸುವುದಿಲ್ಲವೇ ನಿಮಗೆ?

ನನಗೆ ನನ್ನ ಮೇಲೆಯೇ ಅನ್ನಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಮ್ಮಡದ ಒಂದು ಮದುವೆ.
ಮದುಮಗಳ ತಾಯಿ ಗಂಡ ಇಲ್ಲದಾಕೆ. ಧಾರೆಗೆ ಆಕೆಯ ಅಣ್ಣ-ಅತ್ತಿಗೆ ಕುಳಿತಿದ್ದರು. ಹೆತ್ತವಳು ಹಂದರದ ಕಂಬದ ಹತ್ತಿರ, ದೂರ... ದೂರ ಹೋಗು ಅಂತ ಯಾರೂ ಅನ್ನಲಿಲ್ಲ, ತಾನೇ ಸರಿದು ನಿಂತಿದ್ದಳು.
ಅಕ್ಕಿಕಾಳು ಬಿದ್ದಾಗ ಅಲ್ಲಿಂದಲೇ ತಾನೂ ಎಸೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.
ನನ್ನ ಶಾಟ್‌ನ ಎಡ ಅಂಚಿನಲ್ಲಿ ಇಷ್ಟೂ ಇತ್ತು.

ಆ ವಾರ ಶ್ರೀಶೈಲ ಅಕ್ಕನ ಮಗನ ಜಾವಳಕ್ಕೆಂದು ಲೋಕಾಪುರಕ್ಕೆ ಹೋಗಿದ್ದ.
ಮಾಲೀಕರದು ಅವಸರ. "ನಾಳೆ ಡಿವಿಡಿ ಹೋಗ್ಬೇಕು, ನೀನ ಕುಂಡ್ರು."
ನಾನು ಅವನ ಕಂಪ್ಯೂಟರಿನ ಮುಂದೆ ಕುಳಿತೆ. ಇಡೀ ಮದುವೆಗೆ ಒಂದೇ ಸೆಂಟರ್ ಕಟ್ ಹೊಡೆದೆ. ಒಂದು ಸಲವೂ ನೋಡದೆ ಡಿಸ್ಕ್ ಬರೆದೆ.
ಕವರಿನ ಮೇಲೆ ಎಂದಿನಂತೆ ಅಚ್ಚಾಗಿತ್ತು... ಸಂಕಲನ: ಶ್ರೀಶೈಲ.

ಮೂರನೇ ದಿನ ಆ ತಾಯಿ ಸ್ಟುಡಿಯೋಗೆ ಬಂದಳು. ಬೀಗರು, ನೆಂಟರು ಎಲ್ಲರನ್ನೂ ಕೂರಿಸಿಕೊಂಡು ಡಿವಿಡಿ ಹಾಕಿದ್ದಳಂತೆ.
"ನನ್ನ ಮಗಳ ಮದುವ್ಯಾಗ ನಾ ಇದ್ದಿದ್ದಿಲ್ಲೇನ್ರಿ? ಮಂದಿ ಕೇಳಾಕತ್ತಾರ, ಯವ್ವಾ ನೀ ಎಲ್ಲಿ ಹೋಗಿದ್ದಿ ಅಂತ!"
ಅವಸರ ಮಾಡಿ ನನ್ನನ್ನು ಕೂರಿಸಿದ್ದ ಮಾಲೀಕರು, ಅದನ್ನು ಮುಚ್ಚಿ, ಕವರ್ ತೋರಿಸಿದರು. "ಮಾಡಿದಾಂವ ಇಂವ ನೋಡ್ರಿ."
ಹಿಂದಿನ ದಿನವಷ್ಟೇ ಊರಿಂದ ಬಂದಿದ್ದ ಶ್ರೀಶೈಲ ಆ ಡಿಸ್ಕ್ ಹಾಕಿ ಒಂದು ನಿಮಿಷ ನೋಡಿದ. ಪರದೆಯ ಅಂಚಿನಲ್ಲಿ ಅಕ್ಕಿಕಾಳು ಎಸೆಯುವ ಒಂದು ಕೈ ಮಾತ್ರ ಇತ್ತು... ಆಳಿಲ್ಲ.
ಆಮೇಲೆ ನನ್ನ ಕಡೆ ನೋಡಿದ.
ನಾನು ಕ್ಯಾಮೆರಾ ಬ್ಯಾಟರಿ ಒರೆಸುತ್ತ ತಲೆ ಬಗ್ಗಿಸಿದೆ.
"ತಪ್ಪಾತ್ರಿ ಯವ್ವಾ. ಮತ್ತ ಮಾಡಿ ಕೊಡ್ತೇನ್ರಿ" ಅಂದ.

ಲೇ ಶ್ರೀಶೈಲಾ...
ಯಾಕ ಹೇಳಲಿಲ್ಲಲೇ? ಆ ಯವ್ವಗ ಒಂದು ಮಾತು... "ನಾ ಊರಾಗ ಇದ್ದಿದ್ದಿಲ್ಲ" ಅಂದಿದ್ರ ಮುಗೀತಿತ್ತಲ್ಲೋ.
ನಾಲ್ಕು ದಿನ ಕೂತು ಇಡೀ ಮದುವಿ ಮತ್ತ ಮಾಡಿದಿ. ಆ ತಾಯಿ ಎಲ್ಲೆಲ್ಲಿ ಇದ್ದಳೋ ಅಲ್ಲೆಲ್ಲ ಫ್ರೇಮ್ ಸರಿಸಿದಿ. ನೀನ ಆಟೋ ಹತ್ತಿ ಚಿಮ್ಮಡಕ್ಕ ಹೋಗಿ ಕೊಟ್ಟು ಬಂದಿ.
ಬಂದ ದಿನಾನ ಮಾಲೀಕರು, ಸ್ಟುಡಿಯೋ ಹೆಸರು ಉಳಸ್ಕೊಳ್ಳಾಕ, ನಾಳೆಯಿಂದ ಬರಬ್ಯಾಡ ಅಂದ್ರು.
ನಾ ಆವಾಗೂ ಬಾಯಿ ಬಿಡಲಿಲ್ಲ.

ಅವನು ಮುಧೋಳದಲ್ಲಿ ಝೆರಾಕ್ಸ್ ಅಂಗಡಿ ಸೇರಿದ. ಮತ್ತೆಂದೂ ಎಡಿಟಿಂಗ್ ಮುಟ್ಟಲಿಲ್ಲ. "ಮದುವಿಯೊಳಗ ತಾಯಿನ್ನ ಕೊಯ್ದಾಂವ" ಅನ್ನುವ ಮಾತು ಜಮಖಂಡಿ, ಬೀಳಗಿಯ ಸ್ಟುಡಿಯೋಗಳ ತನಕ ಅವನಿಗಿಂತ ಮೊದಲೇ ಮುಟ್ಟಿತ್ತು.
ಅವನ ಕುರ್ಚಿಯಲ್ಲಿ ನಾನು ಕುಳಿತೆ. ಇಂದಿಗೂ ಅಲ್ಲೇ ಇದ್ದೇನೆ.
ಗ್ರೂಪಿನವರನ್ನು ಬೈಯಲು ನನಗೇನು ಬಾಯಿ ಇದೆ ಹೇಳಿ...

ಇವತ್ತು ಸಂಜೆ ಮುಧೋಳದಲ್ಲಿ ಅವನನ್ನು ಮಣ್ಣು ಮಾಡುತ್ತಾರೆ. ಹೋಗುವ ದಾರಿಯಲ್ಲಿ ಚಿಮ್ಮಡದಲ್ಲಿ ಇಳಿದೆ. ಆ ತಾಯಿಯ ಮನೆ ಕೇಳಿಕೊಂಡು ಹೋಗಿ ಸುದ್ದಿ ಹೇಳಿದೆ.
"ಯಾರು? ನನ್ನ ಕೊಯ್ದಿದ್ನಲ್ಲ, ಅಂವೇನು?"
"ಅಂವ ಅಲ್ರಿ ಯವ್ವಾ... ಕೊಯ್ದಾಂವ ನಾನು."
ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹೊರಗಿನ ಕಟ್ಟೆಯ ಕಡೆ ನೋಡಿದಳು.
"ಇದ ಕಟ್ಟಿ ಮ್ಯಾಲ ಕುಂತಿದ್ನೋ... ತಪ್ಪಾತು ಯವ್ವಾ, ತಪ್ಪಾತು ಯವ್ವಾ ಅಂತ ಕಾಲ್ ಮುಟ್ಟಿದ. ಬಿಸಲಾಗ ಬಂದಿದ್ದ. ಸಿಟ್ಟಿನಾಗ ಅವಂಗ ಒಂದ್ ಚೆರಗಿ ನೀರೂ ಕೊಡಲಿಲ್ಲಪಾ ನಾ..."

ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. "ನಡಿ, ಮಣ್ಣಿಗೆ ನಾನೂ ಬರ್ತೇನಿ."
ಈಗ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೇವೆ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ.

ಶ್ರೀಶೈಲಾ... ಹೊರಟಿ, ಹೋಗು.
ನಿನ್ನ ಜೀವ ಇನ್ನಾದರೂ ತಣ್ಣಗಿರಲಿ.
ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ.