ಮೂರನೆಯ ಸಲಕ್ಕೆ ಒಪ್ಪುವ ವರ್ಲಿನ್

ವರ್ಲಿನ್ ಸ್ಕಾರ್‌ವೋಲ್ಡ್ ತನ್ನ ಜೀವಮಾನದಲ್ಲಿ ಯಾವುದಕ್ಕೂ ಮೊದಲ ಸಲಕ್ಕೇ ಹೂಂ ಅಂದವನಲ್ಲ. ನಮ್ಮ ಟೋರ್ವಿಗ್ ಊರಿನಲ್ಲಿ ಮರ್ಯಾದಸ್ಥರೆಲ್ಲ ಹಾಗೆಯೇ. ಕಾಫಿ ಕೊಡಲೇ ಎಂದರೆ ಬೇಡ ಅನ್ನಬೇಕು. ಸ್ವಲ್ಪವಾದರೂ ಎಂದರೆ, ನಿಮಗೆ ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ಹೇಗೂ ಮಾಡಿಟ್ಟಿದ್ದರೆ ಅರ್ಧ ಲೋಟ ಸಾಕು ಎಂದು ಹೇಳಿ ಎರಡು ಲೋಟ ಕುಡಿಯಬೇಕು. ಮಿನ್ನೆಸೋಟದ ಈ ಮೂಲೆಗೆ ನಾರ್ವೆಯಿಂದ ಬಂದ ಅಜ್ಜಂದಿರು ಹೊಲ ಉಳುವ ಮೊದಲೇ ಈ ಪಾಠ ಕಲಿಸಿ ಹೋಗಿದ್ದಾರೆ. ಆದರೆ ನಾವೆಲ್ಲ ಈ ವಿದ್ಯೆಯ ಶಿಷ್ಯರಾದರೆ ವರ್ಲಿನ್ ಅದರ ಕುಲಗುರು. ಹುಟ್ಟುವಾಗಲೂ ಎರಡು ಸಲ ಬಂದಂತೆ ಮಾಡಿ ಹಿಂದೆ ಸರಿದು, ಮೂರನೆಯ ಸಲಕ್ಕೇ ಹೊರಬಿದ್ದನೆಂದು ಅವನ ತಾಯಿ ಹೇಳುತ್ತಿದ್ದಳು.

ಮದುವೆಯ ಕಥೆಯಂತೂ ಮೂರು ಜಿಲ್ಲೆಗಳಲ್ಲಿ ಪ್ರಸಿದ್ಧ. ಆರ್ಡಿಸಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಪಾದ್ರಿ ಕೇಳಿದಾಗ ವರ್ಲಿನ್, "ಬೇಡ ಬಿಡಿ, ಪಾಪ ಅವಳಿಗ್ಯಾಕೆ ತೊಂದರೆ" ಅಂದನಂತೆ. ಪಾದ್ರಿಯೂ ನಮ್ಮವನೇ ಆದ್ದರಿಂದ ಗಾಬರಿಯಾಗದೆ ಇನ್ನೆರಡು ಸಲ ಕೇಳಿದ. "ಹೇಗೂ ಎಲ್ಲಾ ಬಂದುಬಿಟ್ಟಿದಾರಲ್ಲ, ಆಗಲಿ" ಎಂದು ವರ್ಲಿನ್ ಗೃಹಸ್ಥನಾದ. ಇದೆಲ್ಲ ಸುಳ್ಳು ಎನ್ನುತ್ತಾಳೆ ಆರ್ಡಿಸ್. ಆದರೆ ಅವಳೂ ಎರಡು ಸಲ ಕೇಳಿದ ಮೇಲೇ ಸುಳ್ಳು ಎನ್ನುವುದು.

ಈ ಮಹಾನುಭಾವ ನಮ್ಮ ಶಾಲೆಯ ಬಾಯ್ಲರಿನ ಯಜಮಾನನಾಗಿದ್ದ, ಇಪ್ಪತ್ತಾರು ವರ್ಷ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದ ದಿನಗಳಲ್ಲೂ ಒಂದನೆಯ ತರಗತಿಯ ಮಕ್ಕಳು ಅಂಗಿತೋಳು ಮಡಚಿಕೊಂಡು ಬರೆಯುತ್ತಿದ್ದರೆಂದರೆ ಅದು ನೆಲಮಾಳಿಗೆಯಲ್ಲಿದ್ದ ಅವನ ದಯೆ. ಆ ಕಬ್ಬಿಣದ ಆನೆ ಕೆಮ್ಮಿದರೆ ಅವನಿಗೆ ಮನೆಯಲ್ಲಿ ಎಚ್ಚರವಾಗುತ್ತಿತ್ತು. ಗಣಿತದ ಮೇಷ್ಟರಾದ ನನಗೆ ಕೋಣೆ ತಣ್ಣಗಿದೆ ಎಂದು ದೂರುವ ಅವಕಾಶವನ್ನು ಅವನು ಒಮ್ಮೆಯೂ ಕೊಡಲಿಲ್ಲ. ಇದಕ್ಕಾಗಿ ನಾನು ಅವನನ್ನು ಪೂರ್ತಿ ಕ್ಷಮಿಸಿಲ್ಲ.

೧೯೯೬ರ ಬೇಸಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಶಾಲೆಗೆ ಕೋಣೆ ಬಿಸಿಮಾಡುವ, ತಾನೇ ಹೊತ್ತಿಕೊಂಡು ತಾನೇ ಆರುವ ಗ್ಯಾಸಿನ ಒಲೆಗಳು ಬಂದವು. ಕೋಣೆಗೊಂದು ಕಂಪ್ಯೂಟರ್ ಬಂತು, ಅವನ್ನೆಲ್ಲ ಒಂದೇ ನೆಟ್‌ವರ್ಕಿಗೆ ಕಟ್ಟಿಹಾಕಲು ಪೊರಕೆ ಇಡುವ ಕೋಣೆಯಲ್ಲಿ ಒಂದು ಸರ್ವರ್ ಬಂದು ಕೂತಿತು. ಬಾಯ್ಲರ್ ಗುಜರಿಗೆ ಹೋಯಿತು. ಅದರ ಯಜಮಾನನನ್ನು ಮುಖ್ಯೋಪಾಧ್ಯಾಯಿನಿ ಕೊರೀನ್ ಮಾಟ್ಸನ್ ತನ್ನ ಕೋಣೆಗೆ ಕರೆಸಿದಳು. ಅವಳೂ ಈ ಊರಿನವಳೇ, ಹಾಗಾಗಿ ಇಡೀ ಮಧ್ಯಾಹ್ನ ಖಾಲಿ ಇಟ್ಟುಕೊಂಡೇ ಕರೆಸಿದ್ದಳು.

"ವರ್ಲಿನ್, ಈ ನೆಟ್‌ವರ್ಕ್ ನೋಡ್ಕೊಳ್ಳೋಕೆ ಒಬ್ಬರು ಬೇಕು. ಟೆಕ್ನಿಕಲ್ ಕಾಲೇಜಲ್ಲಿ ಸೆಪ್ಟೆಂಬರಿಂದ ಹನ್ನೆರಡು ವಾರದ ಪಾಠ, ವಾರಕ್ಕೆರಡು ಸಂಜೆ. ನೀವು ಹೋಗ್ತೀರಾ?"

"ನಾನಾ? ಬೇಡ ಬಿಡಿ. ಯಾರಾದ್ರೂ ಹುಡುಗರನ್ನ ಕಳಿಸಿ."

"ನೀವೇ ಹೋಗಬೇಕು ಅಂತ ನನ್ನಾಸೆ."

"ನಿಮಗೆ ಸುಮ್ನೆ ಖರ್ಚು."

ಕೊರೀನ್ ಮೇಜಿನ ಮೇಲಿದ್ದ ಪೆನ್ಸಿಲನ್ನು ನೆಟ್ಟಗೆ ಇಟ್ಟಳು. "ನೋಡಿ, ಪರೀಕ್ಷೆ ಪಾಸಾದ್ರೆ ನೀವು ಇಲ್ಲೇ ಇರ್ತೀರಿ. ಆಗದಿದ್ರೆ ಸ್ಕೂಲ್ ಬೋರ್ಡಿನವರು ಈ ಕೆಲಸಾನ ಪಟ್ಟಣದ ಕಂಪ್ಯೂಟರ್ ಕಂಪನಿಗೆ ಕೊಟ್ಟುಬಿಡ್ತಾರೆ. ಡಿಸೆಂಬರ್ ಆದ್ಮೇಲೆ ನಿಮ್ಮ ಹೆಸರಿನ ಕೆಲಸ ನನ್ನ ಹತ್ರ ಇರಲ್ಲ. ಹೋಗ್ತೀರಾ?"

"ಹೇಗೂ ಆ ಕಡೆ ಒಂದು ಕೆಲಸ ಇತ್ತು" ಎಂದ ವರ್ಲಿನ್. ಆ ಕಡೆ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಆದರೆ ಐವತ್ತೇಳನೆಯ ವಯಸ್ಸಿನಲ್ಲಿ, ತಾನು ಬೆಚ್ಚಗಿಟ್ಟ ಕಟ್ಟಡವನ್ನು ಬಿಟ್ಟು ಮನೆಯ ಕಿಟಕಿಯಿಂದ ನೋಡುತ್ತ ಕೂರುವುದು ಅವನಿಂದಾಗದ ಮಾತು.

ಪಾಠ ಹೇಳಲು ಬಂದವನು ಡೆರಿಕ್ ಪಾಶ್ಕೆ. ಷಿಕಾಗೋದವನು. ಅಲ್ಲಿ ಕಾಫಿ ಬೇಕಾ ಎಂದರೆ ಬೇಕು ಅನ್ನುತ್ತಾರಂತೆ, ಕೊಟ್ಟವರೂ ಬೇಜಾರು ಮಾಡಿಕೊಳ್ಳುವುದಿಲ್ಲವಂತೆ. ಮೊದಲ ಸಂಜೆ ಅವನು ಹನ್ನೊಂದು ಜನ ವಿದ್ಯಾರ್ಥಿಗಳಿಗೆ ಒಂದೊಂದು ಖಾಲಿ ಯಂತ್ರ, ಒಂದೊಂದು ಕಟ್ಟು ಫ್ಲಾಪಿ ಕೊಟ್ಟು, ಇದನ್ನು ಸರ್ವರ್ ಮಾಡಿ ಅಂದ. ಎಲ್ಲರೂ ಮೊದಲ ಫ್ಲಾಪಿ ತೂರಿಸಿದರು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಅಳವಡಿಕೆ ಮುಂದುವರಿಸಲೇ? ಹೌದು, ಇಲ್ಲ.

ಉಳಿದ ಹತ್ತು ಜನ ಹೌದು ಒತ್ತಿ ನಾಲ್ಕನೆಯ ಫ್ಲಾಪಿಗೆ ಬಂದಿದ್ದಾಗ ವರ್ಲಿನ್ ಕಪ್ಪು ಪರದೆಯ ಮುಂದೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದ.

"ಏನಾಯ್ತು?" ಎಂದ ಪಾಶ್ಕೆ.

"ಕೇಳ್ತು. ಬೇಡ ಅಂದೆ."

"ಬೇಡ ಅಂದ್ರಾ? ಯಾಕೆ?"

"ಮೊದಲನೇ ಸಲ ಅಲ್ವಾ."

"ಮತ್ತೆ ಈಗ ಏನು ಮಾಡ್ತಾ ಇದೀರಿ?"

"ಇನ್ನೊಂದ್ಸಲ ಕೇಳುತ್ತೇನೋ ಅಂತ ಕೂತಿದೀನಿ."

"ಅದು ಇನ್ನೊಂದ್ಸಲ ಕೇಳಲ್ಲ, ವರ್ಲಿನ್."

ವರ್ಲಿನ್ ಯಂತ್ರದ ಹಿಂಬದಿಗೆ ಬಗ್ಗಿ ನೋಡಿದ. "ಎಲ್ಲಿ ಮಾಡಿದ್ದು ಇದನ್ನ?"

"ಗೊತ್ತಿಲ್ಲ. ದಕ್ಷಿಣದ ಕಡೆ ಎಲ್ಲೋ ಇರಬೇಕು."

"ನಾನೂ ಹಾಗೇ ಅಂದ್ಕೊಂಡೆ."

ಆ ಯಂತ್ರ ಒಂದು ಸಂಜೆಗೆ ನಲವತ್ತು ಸಲ ಅನುಮತಿ ಕೇಳುತ್ತಿತ್ತು. ಹಳೆಯದನ್ನು ತೆಗೆಯಲೇ, ಹೊಸದನ್ನು ಸೇರಿಸಲೇ, ಹೆಸರು ಇದೇ ಇರಲೇ, ನಿಜವಾಗಿಯೂ ಇದೇ ಇರಲೇ. ಪ್ರತಿಯೊಂದಕ್ಕೂ ವರ್ಲಿನ್‌ನ ಬೆರಳು ಮೊದಲು ಸಭ್ಯತೆಯ ಕಡೆಗೆ ಹೋಗುತ್ತಿತ್ತು. ಮೂರನೆಯ ವಾರದ ಕೊನೆಗೂ ಅವನ ಸರ್ವರ್ ಹುಟ್ಟಿರಲಿಲ್ಲ. ಪಾಶ್ಕೆ ಕೊರೀನಳಿಗೆ ಫೋನ್ ಮಾಡಿ, ಈ ಮನುಷ್ಯ ಬುದ್ಧಿವಂತ, ಆದರೆ ಯಂತ್ರಕ್ಕೆ ನಾಚುತ್ತಾನೆ, ಹೀಗೇ ಆದರೆ ಪಾಸಾಗುವುದಿಲ್ಲ ಎಂದ. ಕೊರೀನ್ ಅದನ್ನು ಆರ್ಡಿಸಳ ಕಿವಿಗೆ ಹಾಕಿದಳು.

ಆರ್ಡಿಸ್ ರಂಗಕ್ಕಿಳಿದಳು. ರಟ್ಟಿನ ತುಂಡುಗಳ ಮೇಲೆ ಯಂತ್ರದ ಪ್ರಶ್ನೆಗಳನ್ನೆಲ್ಲ ದಪ್ಪಕ್ಷರದಲ್ಲಿ ಬರೆದು, ಅಡುಗೆಮನೆಯ ಮೇಜಿನಾಚೆ ಕೂತು ತಾನೇ ಸರ್ವರ್ ಆದಳು. ಲೆಫ್ಸ ಎಂಬ ಆಲೂಗಡ್ಡೆ ರೊಟ್ಟಿ ಲಟ್ಟಿಸುವ ಉದ್ದದ ಲಟ್ಟಣಿಗೆ ಕೈಯಲ್ಲೇ ಇತ್ತು.

"ಡಿಸ್ಕಿಗೆ ಹೆಸರು ಕೊಡಲಾ?"

"ಹೆಸರೆಲ್ಲ ಯಾಕೆ, ಬಿಡು."

"ವರ್ಲಿನ್, ನಾನು ಮೆಷಿನ್ನು. ನೀನು ಹೂಂ ಅಂದ್ರೆ ನನಗೇನೂ ಅನ್ಸಲ್ಲ."

"ನಿನ್ನ ಮುಖ ನೋಡಿದ್ರೆ ಅನ್ಸಿದ ಹಾಗಿದೆ."

"ಅದು ಮೂವತ್ತೊಂದು ವರ್ಷದ್ದು. ಇವತ್ತಿನದಲ್ಲ. ಹೆಸರು ಕೊಡಲಾ?"

"ಹೂಂ."

"ಅಬ್ಬ. ಮದುವೆ ದಿನ ಲಟ್ಟಣಿಗೆ ತರಬೇಕಿತ್ತು ನಾನು."

ಹೀಗೆ ಮೊದಲ ಮೂವತ್ತು ಪ್ರಶ್ನೆಗಳು ಅವನಿಗೆ ಬಾಯಿಪಾಠವಾದವು. ಐದನೆಯ ವಾರ, ಒಂದು ಗುರುವಾರ, ಅವನ ಸರ್ವರ್ ಎದ್ದು ನಿಂತಿತು. ದೇವತೆಗಳು ಹೂಮಳೆ ಸುರಿಸಿದರೋ ಇಲ್ಲವೋ, ಅಂದು ಹೊರಗೆ ಮೊದಲ ಹಿಮವಂತೂ ಬಿತ್ತು. ವರ್ಲಿನ್ ಯಂತ್ರದ ಬೆನ್ನಿಗೆ ಕೈಯಿಟ್ಟು ಬಿಸಿ ನೋಡಿ, "ನೀರು ಸಾಕಷ್ಟಿದೆ" ಎಂದನಂತೆ.

ಅಲ್ಲಿಂದ ಮುಂದೆ ಅವನು ಎಲ್ಲವನ್ನೂ ಬಾಯ್ಲರಿನ ಕಣ್ಣಿನಲ್ಲೇ ನೋಡಿದ. ಮೆಮೊರಿ ಎಂದರೆ ನೀರಿನ ಮಟ್ಟ. ತಂತಿ ಎಂದರೆ ಕೊಳವೆ. ಒಂದೇ ಕಡೆ ಎಡವಿದ. ಯಾರಿಗೆ ಯಾವ ಫೈಲು ತೆರೆಯುವ ಹಕ್ಕು ಎಂದು ನಿಗದಿ ಮಾಡುವ ಪಾಠ ಬಂದಾಗ, ಎಲ್ಲರಿಗೂ ಎಲ್ಲವನ್ನೂ ಕೊಟ್ಟುಬಿಟ್ಟ. ನಮ್ಮೂರಿನಲ್ಲಿ ಬಾಗಿಲಿಗೆ ಬೀಗ ಹಾಕಿದರೆ ಪಕ್ಕದ ಮನೆಯವರನ್ನು ಕಳ್ಳರೆಂದ ಹಾಗೆ. ಅವನ ಏರ್ಪಾಡಿನ ಪ್ರಕಾರ ಶಾಲೆಯ ಅಡುಗೆಯವಳು ನನ್ನ ವಿದ್ಯಾರ್ಥಿಗಳ ಗಣಿತದ ಅಂಕಗಳನ್ನು ತಿದ್ದಬಹುದಾಗಿತ್ತು. ತಿದ್ದಿದ್ದರೆ ಮಕ್ಕಳಿಗೆ ಒಳ್ಳೆಯದೇ ಆಗುತ್ತಿತ್ತು, ಆ ಮಾತು ಬೇರೆ. ಪಾಶ್ಕೆ ಅವನೆದುರೇ ಅಡುಗೆಯವಳ ಹೆಸರಿನಲ್ಲಿ ಒಳಗೆ ಹೊಕ್ಕು, ಅಭ್ಯಾಸಕ್ಕೆಂದು ಇಟ್ಟಿದ್ದ ಮುಖ್ಯೋಪಾಧ್ಯಾಯಿನಿಯ ಕಡತವನ್ನೆಲ್ಲ ಒಂದೇ ಸಲಕ್ಕೆ ಅಳಿಸಿ ತೋರಿಸಿದ.

"ಉಫ್ ಡಾ" ಎಂದ ವರ್ಲಿನ್. ನಮ್ಮಲ್ಲಿ ಮನೆ ಸುಟ್ಟರೂ ಅಷ್ಟೇ ಹೇಳುವುದು. "ಅಂದ್ರೆ ಅಡುಗೆಯವಳ ಕೈಗೆ ವ್ಯಾಯಾಮಶಾಲೆಯ ಕೊಳವೆಯ ತಿರುಪು ಕೊಟ್ಟ ಹಾಗೆ ಅನ್ನಿ."

"ಸರಿಯಾಗಿ ಹೇಳಿದ್ರಿ."

"ಮೊದಲೇ ಹಾಗೆ ಹೇಳಬಾರದಿತ್ತಾ? ಎರಡು ವಾರ ದಂಡ ಆಯ್ತಲ್ಲ ನಿಮಗೆ."

ಡಿಸೆಂಬರ್ ಬಂತು. ಪರೀಕ್ಷೆ ಒಂದು ಶನಿವಾರ ಬೆಳಗ್ಗೆ, ಮೂರು ಗಂಟೆಯ ಅವಧಿ. ಹಿಂದಿನ ದಿನ ಕೊರೀನ್ ನಮ್ಮೆದುರೇ ವರ್ಲಿನ್‌ಗೆ ಹೇಳಿದಳು, ಬೋರ್ಡಿನವರು ಸೋಮವಾರ ಸೇರುತ್ತಾರೆ, ಪಟ್ಟಣದ ಕಂಪನಿಯ ಕರಾರುಪತ್ರ ಆಗಲೇ ಮೇಜಿನ ಮೇಲಿದೆ, ಮರುಪರೀಕ್ಷೆಗೆ ಕಾಯುವ ತಾಳ್ಮೆ ಅವರಿಗಿಲ್ಲ ಎಂದು. ವರ್ಲಿನ್ ತಲೆಯಾಡಿಸಿ, ಮೆಟ್ಟಿಲ ಮೇಲೆ ಯಾರೋ ತಂದಿದ್ದ ಹಿಮದ ಕೆಸರನ್ನು ಒರೆಸಿ ಮನೆಗೆ ಹೋದ. ಒರೆಸುವುದು ಅವನ ಕೆಲಸವಾಗಿರಲಿಲ್ಲ.

ಪರೀಕ್ಷೆಯಲ್ಲಿ ನಡೆದದ್ದನ್ನು ಪಾಶ್ಕೆ ಕೊರೀನಳಿಗೆ ಬರೆದ ಕಾಗದದಿಂದಲೇ ನಾವು ತಿಳಿದದ್ದು. ಈ ಸಲ ಯಂತ್ರಗಳು ಖಾಲಿಯಿರಲಿಲ್ಲ. ಯಾವುದೋ ಹಳೆಯ ಕಚೇರಿಯ ಕಂಪ್ಯೂಟರುಗಳು, ಒಳಗೆ ಆ ಕಚೇರಿಯ ಫೈಲುಗಳು ಹಾಗೇ ಇದ್ದವು. ಕೊಟ್ಟ ಹಾಳೆಯಲ್ಲಿ ಹದಿನೆಂಟು ಕೆಲಸಗಳು, ನಡುವೆ ಎಲ್ಲೋ ಒಂದು ಸಾಲು: ಹಳೆಯ ಫೈಲುಗಳು ಉಳಿಯಬೇಕು. ಹನ್ನೆರಡನೆಯ ನಿಮಿಷಕ್ಕೆ ಎಲ್ಲರ ಪರದೆಯ ಮೇಲೂ ತರಗತಿಯಲ್ಲಿ ಎಂದೂ ಬಾರದ ಒಂದು ಪ್ರಶ್ನೆ ಬಂತು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ? ಹನ್ನೆರಡು ವಾರ ಹೌದು ಒತ್ತಿ ಪಳಗಿದ ಹತ್ತು ಬೆರಳುಗಳು ಹೌದು ಒತ್ತಿದವು. ಹತ್ತು ಕಚೇರಿಗಳು ಸದ್ದಿಲ್ಲದೆ ಇಲ್ಲವಾದವು.

ವರ್ಲಿನ್ ಇಲ್ಲ ಒತ್ತಿದ. ಆಮೇಲೆ ಎದ್ದು ನಿಂತ. ದಪ್ಪ ಕೋಟು ತೊಟ್ಟು, ಕಿವಿಮುಚ್ಚುವ ಟೋಪಿ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿಗೆ ನಡೆದ. ಏಳು ನಿಮಿಷ ಬಿಟ್ಟು ಹುಬ್ಬಿನ ಮೇಲೆ ಹಿಮ ಕಟ್ಟಿಕೊಂಡು ಒಳಗೆ ಬಂದ. ಹಾಳೆಯನ್ನು ಮೊದಲಿನಿಂದ ಓದಿದ. ಹಳೆಯ ಫೈಲುಗಳನ್ನೆಲ್ಲ ನಕಲು ತೆಗೆದಿಡುವ ಟೇಪಿಗೆ ಇಳಿಸಿದ. ಮತ್ತೆ ಅದೇ ಪ್ರಶ್ನೆಗೆ ಬಂದು, ಹೌದು ಒತ್ತಿ, ಸರ್ವರ್ ಕಟ್ಟಿ, ಹಾಳೆಯಲ್ಲಿದ್ದ ಎಂಟು ಜನರಿಗೆ ಅವರವರ ತಿರುಪು ಮಾತ್ರ ಕೊಟ್ಟು, ಫೈಲುಗಳನ್ನು ವಾಪಸು ತುಂಬಿಸಿ ಎದ್ದಾಗ ಅವಧಿ ಮುಗಿಯಲು ನಾಲ್ಕು ನಿಮಿಷವಿತ್ತು. ಅಂದು ಪಾಸಾದದ್ದು ಅವನೊಬ್ಬನೇ.

ಸೋಮವಾರ ಸಂಜೆ ಬೋರ್ಡು ಕಂಪನಿಯ ಕರಾರನ್ನು ವಾಪಸು ಕಳಿಸಿ, ನೆಟ್‌ವರ್ಕಿನ ಕೆಲಸಕ್ಕೆ ವರ್ಲಿನ್‌ನ ಹೆಸರು ಬರೆಯಿತು. ಮಂಗಳವಾರ ಶಿಕ್ಷಕರ ಕೋಣೆಯಲ್ಲಿ ಕೊರೀನ್ ಕಾಗದವನ್ನು ಗಟ್ಟಿಯಾಗಿ ಓದಿದಳು. ಪಾಶ್ಕೆ ಬರೆದಿದ್ದ: ಮರಳಿ ಪಡೆಯಲಾಗದ ನಿರ್ಧಾರದ ಮುಂದೆ ನಿರಾಕರಿಸಿ, ಒಬ್ಬಂಟಿಯಾಗಿ ಬಯಲಿಗೆ ಹೋಗಿ ಯೋಚಿಸಿ ಬರುವ ನೆಟ್‌ವರ್ಕ್ ಆಡಳಿತಗಾರನನ್ನು ನಾನು ಇದುವರೆಗೆ ಕಂಡಿಲ್ಲ.

ಆ ಏಳು ನಿಮಿಷಗಳ ಬಗ್ಗೆ ನಾನೂ ನಾಲ್ಕು ಮಾತು ಸೇರಿಸಿದೆ. ಬುದ್ಧ ಮರದಡಿ ಕೂತ, ವರ್ಲಿನ್ ಕಾರು ನಿಲ್ಲಿಸುವ ಬಯಲಿನಲ್ಲಿ ನಿಂತ, ವ್ಯತ್ಯಾಸ ಅಷ್ಟೇ ಎಂದೆ. ವಿಜ್ಞಾನದ ಮೇಡಂ ಕಣ್ಣೊರೆಸಿಕೊಂಡಳು. ಅವಳಿಗೆ ಶೀತವಾಗಿತ್ತು, ಆದರೂ ಚೆನ್ನಾಗಿ ಕಂಡಿತು.

"ಹೇಳಿ ವರ್ಲಿನ್" ಎಂದಳು ಕೊರೀನ್, ಕಾಗದ ಮಡಚುತ್ತ. "ಅಲ್ಲಿ ಹೊರಗೆ, ಆ ಚಳೀಲಿ, ಏನು ಯೋಚನೆ ಮಾಡಿದ್ರಿ?"

"ಯೋಚನೆ ಏನಿಲ್ಲ" ಎಂದ ವರ್ಲಿನ್. "ಪರದೆ ಮೇಲಿಂದು ಓದೋಕೆ ಆಗಲಿಲ್ಲ. ಕನ್ನಡಕ ಟ್ರಕ್ಕಲ್ಲಿ ಬಿಟ್ಟಿದ್ದೆ, ತರೋಕೆ ಹೋಗಿದ್ದೆ."