'ಸೀರಿಯಸ್' ಎಂದು ಕಳಿಸಿದ ತಂತಿ

"ಅತ್ಗೇ, ಆಯಿ ಯಾವಾಗ ತೀರ್ಹೋತು? ಎಲ್ಲಾ ಮುಗ್ದು ಹೋತಾ?"

ಪುಣೆಯಿಂದ ಬಂದ ಮೈದುನ ಅಂಗಳದಲ್ಲಿ ಬ್ಯಾಗು ಇಳಿಸುವ ಮೊದಲೇ ಕೇಳಿಬಿಟ್ಟ. ನಾನು ಗಂಜಿಯ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ. ಕಿಟಕಿಯಾಚೆ ಮಂಚದಲ್ಲಿ ಮಲಗಿದ್ದ ಅತ್ತೆಯೇ ಉತ್ತರ ಕೊಟ್ಟರು: "ಇನ್ನೂ ಇದ್ದಿ ತಮಾ. ಕಾಲು ತೊಳ್ಕಂಡು ಒಳಗೆ ಬಾ."

ಮನೆಗಳಿಗೆ ಫೋನು ಬಂದಿರದ ತೊಂಬತ್ತರ ದಶಕದ ಮಾತು. ಯಲ್ಲಾಪುರಕ್ಕೆ ಹೋಗಿ ಮೈದುನನಿಗೆ ತಂತಿ ಕೊಟ್ಟವಳು ನಾನೇ. ಮೊದಲು 'ಮದರ್ ಸಿಕ್' ಎಂದೇ ಬರೆದಿದ್ದೆ. "ಅಷ್ಟಕ್ಕ ಕಂಪನಿಯವ್ರು ರಜಾ ಕೊಡಂಗಿಲ್ರಿ ಅಕ್ಕಾರ, 'ಸೀರಿಯಸ್' ಅಂತ ಹಾಕ್ರಿ" ಎಂದರು ಧಾರವಾಡ ಕಡೆಯ ಅಂಚೆ ಗುಮಾಸ್ತರು. ಹೌದೆನಿಸಿ ಬದಲಿಸಿದೆ. ಆದರೆ ಬರುವವರು ದಾರಿಯಲ್ಲಿ ಕುಸಿಯಬಾರದೆಂದು, ಜೀವ ಹೋದ ಮೇಲೂ 'ಸೀರಿಯಸ್' ಎಂದೇ ತಂತಿ ಕೊಡುವುದು ನಮ್ಮ ಕಡೆಯ ರೂಢಿ. ಮೈದುನ ಹಾಗೆಯೇ ತಿಳಿದು, ಬಸ್ಸಿನಲ್ಲೇ ಅತ್ತು ಮುಗಿಸಿ ಬಂದಿದ್ದ.

ಅತ್ತೆ ಮತ್ತೊಂದು ವಾರ ಇದ್ದರು. ಅವನೇ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದ, ಆದರೆ ಕೊನೆಯವರೆಗೂ ಅವನಿಗೆ ಅವರ ಮುಖ ನೋಡಿ ಮಾತಾಡಲಾಗಲಿಲ್ಲ. 'ಸಿಕ್' ಎಂದೇ ಬಿಟ್ಟಿದ್ದರೆ ಅವನು ಬರುವುದು ತಡವಾಗುತ್ತಿತ್ತೇನೋ. ಆದರೆ ಹೆತ್ತವಳು ಆ ಪ್ರಶ್ನೆ ಕೇಳಿಸಿಕೊಳ್ಳಬೇಕಾಗುತ್ತಿರಲಿಲ್ಲ.